ಬಾಣಲೆ, ಸೌಟು, ಗಂಟೆ: ತಂಡ ಗೆದ್ದರೂ ಊರು ಸೋತ ಕತೆ

ಬೇಸ್‌ಬಾಲ್ ಅಂದರೆ ಏನು ಅಂತ ನನಗೆ ಅರ್ಥ ಮಾಡಿಸಿದ್ದು ಯಾವ ಆಟಗಾರನೂ ಅಲ್ಲ. ನ್ಯೂಯಾರ್ಕಿನ ಒಂದು ಮೈದಾನದಲ್ಲಿ ಕಡಲೆಕಾಯಿ ಪೊಟ್ಟಣ ತುಂಬುತ್ತಿದ್ದ ಒಬ್ಬ ಹೆಂಗಸು. ಹೆಸರು ಹಿಲ್ಡಾ ಚೆಸ್ಟರ್. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಅಭಿಮಾನಿ. ಆಕೆ ಒಂದು ರನ್ನೂ ಹೊಡೆಯಲಿಲ್ಲ, ಒಂದು ಕಪ್ಪನ್ನೂ ಎತ್ತಲಿಲ್ಲ. ಆದರೂ ಅಮೆರಿಕದಲ್ಲಿ ಆ ತಂಡದ ಇತಿಹಾಸ ಬರೆಯುವ ಯಾರೂ ಆಕೆಯನ್ನು ಬಿಟ್ಟು ಬರೆಯೋಕೆ ಆಗಲ್ಲ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೆಗೆ ಬಂದವರ ಪೈಕಿ. ಹಾಗಾಗಿ ಮೊದಲು ಹೋಗಿದ್ದು ಲೆಕ್ಕದ ಹಿಂದೆ. 1955ರಲ್ಲಿ ಡಾಡ್ಜರ್ಸ್ ಸೀಸನ್ನಿನ ಮೊದಲ 10 ಪಂದ್ಯಗಳನ್ನೂ ಗೆದ್ದರು. ನಾಣ್ಯ ಚಿಮ್ಮಿದಾಗ ನಾವು ಹೇಳಿದ ಮುಖವೇ ಸತತ 10 ಸಲ ಬೀಳುವ ಸಾಧ್ಯತೆ 1024ರಲ್ಲಿ ಒಂದು. ತಂಡ ಬಲಿಷ್ಠವಾಗಿತ್ತು, ಸರಿ. ಆದರೂ ಆಧುನಿಕ ಬೇಸ್‌ಬಾಲಿನಲ್ಲಿ ಅಲ್ಲಿಯವರೆಗೆ ಯಾವ ತಂಡವೂ ಸೀಸನ್ನನ್ನು ಹಾಗೆ ಶುರು ಮಾಡಿರಲಿಲ್ಲ. ಮೊದಲ 24 ಪಂದ್ಯಗಳಲ್ಲಿ 22 ಗೆಲುವು. ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಅಂಕಿ. ಹತ್ತನೇ ಗೆಲುವು ಬಂದ ಏಪ್ರಿಲ್ 21ರಂದು, ಸುಮಾರು 32 ಸಾವಿರ ಜನ ಕೂರಬಹುದಾದ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ನಾಲ್ಕು ಸಾವಿರ ಜನರೂ ಇರಲಿಲ್ಲ.

ದಾಖಲೆ ಮಾಡುತ್ತಿರುವ ತಂಡ, ಖಾಲಿ ಮೈದಾನ. ಅಲ್ಲಿಂದ ಎರಡೂವರೆ ವರ್ಷಕ್ಕೆ ತಂಡವೇ ಊರು ಬಿಟ್ಟು ಹೋಯಿತು. ಯಾಕೆ? ಈ ಪ್ರಶ್ನೆ ಹಿಡಿದು ಹೋದಾಗ ನನಗೆ ಸಿಕ್ಕಿದ್ದು ಹಿಲ್ಡಾ.

ಊರು ಕಳೆದುಕೊಂಡ ಊರು

ಹಿಲ್ಡಾ ಹುಟ್ಟಿದ್ದು 1897ರಲ್ಲಿ. ಆಗ ಬ್ರೂಕ್ಲಿನ್ ಇನ್ನೂ ಸ್ವತಂತ್ರ ನಗರ. ಮಾರನೇ ವರ್ಷ, 1898ರ ಜನವರಿ 1ರಂದು, ಅದು ನ್ಯೂಯಾರ್ಕ್ ಮಹಾನಗರದಲ್ಲಿ ಸೇರಿಹೋಯಿತು. ಸ್ವಂತ ನಗರಸಭೆ, ಸ್ವಂತ ಮೇಯರ್ ಎಲ್ಲ ಹೋಯಿತು. ನದಿಯ ಆ ಕಡೆ ಮ್ಯಾನ್‌ಹಟನ್‌ನಲ್ಲಿ ಬ್ಯಾಂಕು, ಎತ್ತರದ ಕಟ್ಟಡ, ಅಧಿಕಾರ. ಈ ಕಡೆ ಕಾರ್ಖಾನೆ, ಹಡಗುಕಟ್ಟೆ, ವಲಸೆ ಬಂದ ಯಹೂದಿ, ಇಟಾಲಿಯನ್, ಐರಿಷ್ ಕುಟುಂಬಗಳು. ಬ್ರೂಕ್ಲಿನ್ ಅಂತ ಹೆಸರು ಹೊತ್ತು ಇಡೀ ದೇಶದ ಎದುರು ನಿಲ್ಲುತ್ತಿದ್ದ ದೊಡ್ಡ ಗುರುತು ಅಂದರೆ ಈ ಬೇಸ್‌ಬಾಲ್ ತಂಡ. ಡಾಡ್ಜರ್ಸ್ ಅನ್ನೋ ಹೆಸರು ಬಂದಿದ್ದೂ ಬೀದಿಯಿಂದಲೇ: ರಸ್ತೆ ತುಂಬ ಓಡುತ್ತಿದ್ದ ಟ್ರಾಮ್‌ಗಳಿಂದ ತಪ್ಪಿಸಿಕೊಂಡು ಓಡಾಡುವ ಜನ ಅಂತ.

ಬಡವರ ಬಾಲ್ಯಕ್ಕೆ ದಾಖಲೆ ಕಮ್ಮಿ. ಹಿಲ್ಡಾ ಕೂಡ ತನ್ನ ಹಳೆಯ ದಿನಗಳ ಬಗ್ಗೆ ಕೇಳಿದರೆ ಮಾತು ಹಾರಿಸುತ್ತಿದ್ದಳು ಅನ್ನುತ್ತಾರೆ ಬರೆದವರು. ಉಳಿದಿರುವ ಕೆಲವು ಚಿತ್ರಗಳಲ್ಲಿ ಒಂದು ಚೆನ್ನಾಗಿದೆ. ಹದಿಹರೆಯದಲ್ಲಿ ಆಕೆ ಒಂದು ಸ್ಥಳೀಯ ಪತ್ರಿಕೆಯ ಕಚೇರಿ ಮುಂದೆ ದಿನಾ ಹೋಗಿ ನಿಲ್ಲುತ್ತಿದ್ದಳಂತೆ, ಡಾಡ್ಜರ್ಸ್ ಪಂದ್ಯದ ಫಲಿತಾಂಶ ಎಲ್ಲರಿಗಿಂತ ಮೊದಲು ತನಗೆ ಗೊತ್ತಾಗಬೇಕು ಅಂತ. ರೇಡಿಯೊ ಇಲ್ಲದ ಕಾಲ ಅದು.

ಆಕೆ ಬರೀ ನೋಡುವವಳಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಆ ಕಾಲದಲ್ಲಿ ಊರೂರು ತಿರುಗಿ ಆಡುತ್ತಿದ್ದ ಮಹಿಳಾ ತಂಡಗಳಿದ್ದವು, ಬ್ಲೂಮರ್ ಗರ್ಲ್ಸ್ ಅಂತ ಕರೆಯುತ್ತಿದ್ದರು. ನ್ಯೂಯಾರ್ಕಿನ ಅಂಥ ತಂಡದಲ್ಲಿ ಹಿಲ್ಡಾ ಆಡಿದ್ದಳು ಅಂತ ಆಕೆಯ ಜೀವನ ಕೆದಕಿದವರು ಹೇಳುತ್ತಾರೆ. ಹೆಂಗಸರಿಗಾಗಿ ಒಂದು ಸಾಫ್ಟ್‌ಬಾಲ್ ಲೀಗ್ ಕಟ್ಟುವ ಆಸೆಯೂ ಇತ್ತಂತೆ. ದೊಡ್ಡ ಲೀಗುಗಳ ಬಾಗಿಲು ಹೆಣ್ಣಿಗೆ ಮುಚ್ಚಿತ್ತು. ಮೈದಾನದೊಳಗೆ ಜಾಗ ಇಲ್ಲದವಳು ಗ್ಯಾಲರಿಯಲ್ಲಿ ಜಾಗ ಮಾಡಿಕೊಂಡಳು.

ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸವೂ ಬೇಸ್‌ಬಾಲ್ ಮೈದಾನದ್ದೇ. ಹ್ಯಾರಿ ಸ್ಟೀವನ್ಸ್ ಅವರ ಕಂಪನಿ ಮೈದಾನಗಳಲ್ಲಿ ತಿಂಡಿ ಮಾರುತ್ತಿತ್ತು. ದೊಡ್ಡ ಮೂಟೆಯ ಕಡಲೆಕಾಯಿಯನ್ನು ಚಿಕ್ಕ ಚಿಕ್ಕ ಪೊಟ್ಟಣಕ್ಕೆ ತುಂಬುವ ಕೆಲಸ ಹಿಲ್ಡಾಗೆ. ಪಂದ್ಯಕ್ಕೆ ಮುಂಚೆ ಕೂಲಿ, ಪಂದ್ಯದ ಹೊತ್ತಿಗೆ ಗ್ಯಾಲರಿ.

ಕೂಗಬಾರದು ಅಂದರು ಡಾಕ್ಟರು

1930ರ ದಶಕದಲ್ಲಿ ಆಕೆ ಎಬೆಟ್ಸ್ ಫೀಲ್ಡಿಗೆ ಖಾಯಂ ಗಿರಾಕಿ. ಹೆಂಗಸರ ದಿನ ಅಂತ ಇರುತ್ತಿತ್ತು, ಅವತ್ತು 10 ಸೆಂಟ್ಸ್ ಕೊಟ್ಟರೆ ಒಳಗೆ ಬಿಡುತ್ತಿದ್ದರು. ಉಳಿದ ದಿನ ಬ್ಲೀಚರ್ಸ್, ಅಂದರೆ ದೂರದ, ಅಗ್ಗದ ಬೆಂಚು. ಅಲ್ಲಿ ಕೂತು ಆಕೆ ಕೂಗಿದರೆ ಇಡೀ ಮೈದಾನಕ್ಕೆ ಕೇಳುತ್ತಿತ್ತು. ಎದುರಾಳಿಗೆ ಬೈಗುಳ, ತನ್ನ ಹುಡುಗರಿಗೆ ಹುರುಪು, ಅಂಪೈರಿಗೆ ಮಂಗಳಾರತಿ.

ಅದೇ ದಶಕದಲ್ಲಿ ಹೃದಯಾಘಾತ ಆಯಿತು. ಇನ್ನು ಮೇಲೆ ಕೂಗಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಹಿಲ್ಡಾ ಮಾತು ಕೇಳಿದಳು, ತನ್ನದೇ ರೀತಿಯಲ್ಲಿ. ಮನೆಯಿಂದ ಒಂದು ಬಾಣಲೆ, ಒಂದು ಕಬ್ಬಿಣದ ಸೌಟು ಹಿಡಿದುಕೊಂಡು ಬಂದಳು. ಗಂಟಲಿನ ಕೆಲಸ ಸೌಟು ಮಾಡಿತು. ಈ ಗದ್ದಲ ಕೇಳಿ ಕೇಳಿ, ಆ ದಶಕದ ಕೊನೆಯಲ್ಲಿ ಡಾಡ್ಜರ್ಸ್ ಆಟಗಾರರೇ ಆಕೆಗೆ ಹಸುವಿನ ಕೊರಳಿಗೆ ಕಟ್ಟುವಂಥ ಹಿತ್ತಾಳೆ ಗಂಟೆಯೊಂದನ್ನು ಉಡುಗೊರೆ ಕೊಟ್ಟರು. ಅಲ್ಲಿಂದ ಆಕೆ ಅಂದರೆ ಗಂಟೆ, ಗಂಟೆ ಅಂದರೆ ಆಕೆ. ಹಿಲ್ಡಾ ಬಂದಿದ್ದಾಳೆ ಅಂತ ಬರೆದ ಒಂದು ಬರಹವನ್ನೂ ಎತ್ತಿ ಹಿಡಿಯುತ್ತಿದ್ದಳು. ಗಂಟೆ ಬಾರಿಸುತ್ತಾ ಸೀಟುಗಳ ಸಾಲಿನ ನಡುವೆ ಹೊರಟರೆ ಹಿಂದೆ ಜನ ಮೆರವಣಿಗೆ ಹೊರಡುತ್ತಿದ್ದರು.

ಪತ್ರಿಕೆಗಳಿಗೆ ಹಬ್ಬ. ಆದರೆ ಆ ಬರಹಗಳ ಧಾಟಿ ನೋಡಿದರೆ ಇರುಸುಮುರುಸಾಗುತ್ತೆ. ಆಕೆಯ ಮೈಕಟ್ಟು, ಬಟ್ಟೆ, ಬ್ರೂಕ್ಲಿನ್ ಬೀದಿಯ ಉಚ್ಚಾರಣೆ ಎಲ್ಲವೂ ತಮಾಷೆಯ ಸರಕು. ಆಕೆ ಆಡಿದ ಮಾತನ್ನು ಬೇಕಂತಲೇ ಒಡಕು ಕಾಗುಣಿತದಲ್ಲಿ ಅಚ್ಚು ಹಾಕುತ್ತಿದ್ದರು. ಸೂಟು ಹಾಕಿಕೊಂಡು ಕೂಗಿದರೆ ಅದು ಉತ್ಸಾಹ, ಕೂಲಿ ಹೆಂಗಸು ಕೂಗಿದರೆ ಕಾರ್ಟೂನು. ನಮ್ಮ ಕಡೆ ಹಳ್ಳಿ ಭಾಷೆ ಮಾತಾಡುವವರನ್ನು ಸಿನಿಮಾದಲ್ಲಿ ಬರೀ ಕಾಮಿಡಿಗೆ ಇಟ್ಟ ಹಾಗೆ.

1941: ಗೆಲುವು ಕೈಯಿಂದ ಜಾರಿದ್ದು

ಆಗ ಅಮೆರಿಕದಲ್ಲಿ ಎರಡು ದೊಡ್ಡ ಲೀಗ್. ಒಂದೊಂದು ತಂಡಕ್ಕೂ ಸೀಸನ್ನಿಗೆ 154 ಪಂದ್ಯ. ಲೀಗಿನಲ್ಲಿ ಮೊದಲು ಬಂದರೆ ಪೆನ್ನಂಟ್. ಎರಡು ಲೀಗಿನ ವಿಜೇತರು ಏಳು ಪಂದ್ಯಗಳ ವರ್ಲ್ಡ್ ಸೀರೀಸ್ ಆಡುತ್ತಾರೆ, ನಾಲ್ಕು ಗೆದ್ದವರಿಗೆ ಪಟ್ಟ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತೆ.

1941ರಲ್ಲಿ ಡಾಡ್ಜರ್ಸ್ 100 ಪಂದ್ಯ ಗೆದ್ದು 21 ವರ್ಷಗಳ ನಂತರ ಪೆನ್ನಂಟ್ ತಂದರು. ಆ ಓಟದ ನಡುವೆಯೇ, ಆಗಸ್ಟಿನಲ್ಲಿ, ಹಿಲ್ಡಾಗೆ ಎರಡನೇ ಸಲ ಹೃದಯಾಘಾತ. ತಂಡದ ಮ್ಯಾನೇಜರ್ ಲಿಯೊ ಡ್ಯೂರೋಷರ್ ಕೆಲವು ಆಟಗಾರರ ಜೊತೆ ಆಸ್ಪತ್ರೆಗೆ ಹೋಗಿ ನೋಡಿ ಬಂದ. ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಅಂದರೆ ಆಫೀಸಿನವನಲ್ಲ, ಯಾರು ಆಡಬೇಕು, ಯಾವಾಗ ಬದಲಾಯಿಸಬೇಕು ಅಂತ ನಿರ್ಧರಿಸುವವನು. ಆವತ್ತಿನಿಂದ ಹಿಲ್ಡಾ ಪಾಲಿಗೆ ಡ್ಯೂರೋಷರ್ ದೇವರು.

ಆತ ಆಕೆಗೆ ಒಳ್ಳೆಯ ಸೀಟಿನ ಜೀವಮಾನದ ಪಾಸ್ ಕೊಡಿಸಿದ. ಆಕೆ ಅದನ್ನು ಇಟ್ಟುಕೊಂಡು ಮತ್ತೆ ಅಗ್ಗದ ಬೆಂಚಿಗೇ ಹೋಗಿ ಕೂತಳು. ತನ್ನ ಜನ ಅಲ್ಲಿದ್ದಾರೆ ಅನ್ನೋದು ಆಕೆಯ ಕಾರಣ. ಇಡೀ ಜೀವನದಲ್ಲಿ ಆಕೆ ಮಾಡಿದ ಅತ್ಯಂತ ರಾಜಕೀಯ ಕೆಲಸ ಅದೇ ಅಂತ ನನಗನಿಸುತ್ತೆ. ಅದನ್ನು ರಾಜಕೀಯ ಅಂತ ಆಕೆ ಖಂಡಿತ ಕರೀತಿರಲಿಲ್ಲ.

ಆ ವರ್ಷಗಳ ಒಂದು ಚೀಟಿ ಪ್ರಸಂಗ ಬಹಳ ಪ್ರಸಿದ್ಧ. ಡಾಡ್ಜರ್ಸ್‌ನ ಸೆಂಟರ್ ಫೀಲ್ಡರ್ ಪೀಟ್ ರೈಸರ್ ಎಷ್ಟೋ ವರ್ಷ ಆದಮೇಲೆ ಹೇಳಿದ್ದು. ಒಂದು ದಿನ ಆತ ತನ್ನ ಜಾಗಕ್ಕೆ ಹೋಗುವಾಗ ಹಿಲ್ಡಾ ಮೇಲಿಂದ ಒಂದು ಚೀಟಿ ಎಸೆದು, ಡ್ಯೂರೋಷರ್‌ಗೆ ಕೊಡು ಅಂದಳು. ಇನಿಂಗ್ಸ್ ಮುಗಿಸಿ ವಾಪಸ್ ಬರುವಾಗ ರೈಸರ್ ದಾರಿಯಲ್ಲಿ ತಂಡದ ಅಧ್ಯಕ್ಷ ಲ್ಯಾರಿ ಮ್ಯಾಕ್‌ಫೇಲ್ ಹತ್ತಿರ ಎರಡು ಮಾತಾಡಿ, ಆಮೇಲೆ ಚೀಟಿ ಕೊಟ್ಟ. ಪಿಚ್ಚರ್ ವ್ಹಿಟ್ ವ್ಯಾಟ್ ಸುಸ್ತಾಗಿದ್ದಾನೆ, ಹ್ಯೂ ಕೇಸಿಯನ್ನು ತಯಾರು ಮಾಡು ಅನ್ನೋ ಅರ್ಥದ ಸಲಹೆ ಅದರಲ್ಲಿತ್ತು. ಡ್ಯೂರೋಷರ್ ಅದನ್ನು ಅಧ್ಯಕ್ಷರ ಆಜ್ಞೆ ಅಂದುಕೊಂಡು ಚೆನ್ನಾಗಿ ಆಡುತ್ತಿದ್ದ ವ್ಯಾಟ್‌ನನ್ನು ತೆಗೆದು ಕೇಸಿಯನ್ನು ಇಳಿಸಿದ. ಕೇಸಿ ಚೆನ್ನಾಗಿ ಬಾರಿಸಿಕೊಂಡ, ಪಂದ್ಯ ಹೇಗೋ ಉಳಿಯಿತು. ಚೀಟಿ ಬರೆದದ್ದು ಹಿಲ್ಡಾ ಅಂತ ಗೊತ್ತಾದಾಗ ಡ್ಯೂರೋಷರ್ ಕೆಂಡಾಮಂಡಲ.

ಕತೆ ತಮಾಷೆಯಾಗಿದೆ. ಆದರೆ ಒಂದು ವಿಷಯ ಗಮನಿಸಿ. ಅಧ್ಯಕ್ಷರದು ಅಂದುಕೊಂಡಾಗ ಆ ಸಲಹೆಗೆ ಮರುಮಾತಿಲ್ಲ, ಪೊಟ್ಟಣ ಕಟ್ಟುವವಳದು ಅಂತ ಗೊತ್ತಾದಾಗ ಅದು ಹುಚ್ಚುತನ.

ಆ ವರ್ಷದ ವರ್ಲ್ಡ್ ಸೀರೀಸ್ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ. ಅಕ್ಟೋಬರ್ 5ರ ನಾಲ್ಕನೇ ಪಂದ್ಯ ಎಬೆಟ್ಸ್ ಫೀಲ್ಡಿನಲ್ಲಿ. ಡಾಡ್ಜರ್ಸ್ 4–3ರಿಂದ ಮುಂದೆ. ಕೊನೆಯ ಇನಿಂಗ್ಸ್, ಇಬ್ಬರು ಔಟ್. ಅದೇ ಹ್ಯೂ ಕೇಸಿ ಎಸೆದ ಚೆಂಡಿಗೆ ಬ್ಯಾಟು ಬೀಸಿದವನು ತಪ್ಪಿದ. ಪಂದ್ಯ ಮುಗಿಯಬೇಕಿತ್ತು. ಕ್ಯಾಚರ್ ಮಿಕ್ಕಿ ಓವೆನ್ ಕೈಯಿಂದ ಚೆಂಡು ಜಾರಿತು. ಬ್ಯಾಟರ್ ಓಡಿ ಬದುಕಿಕೊಂಡ. ಯಾಂಕೀಸ್ 7–4ರಿಂದ ಗೆದ್ದರು, ಮಾರನೇ ದಿನ ಸೀರೀಸನ್ನೂ ಗೆದ್ದರು.

ಮುಂದೆ 1947, 1949, 1952, 1953ರಲ್ಲೂ ಇದೇ ಯಾಂಕೀಸ್ ವಿರುದ್ಧ ಸೋಲು. ಮುಂದಿನ ವರ್ಷ ನೋಡ್ಕೋತೀವಿ ಅನ್ನೋದು ಬ್ರೂಕ್ಲಿನ್ ಜನರ ನಿತ್ಯದ ಮಾತಾಯಿತು. ಈ ಸಲ ಕಪ್ ನಮ್ದೇ ಅಂತ ವರ್ಷಾನುಗಟ್ಟಲೆ ಹೇಳಿಕೊಂಡು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇವರಿಗಾಗಿ ಹೇಳಿದ ಸುಳ್ಳು

ಹಿಲ್ಡಾಳನ್ನು ಹೊಗಳಿ ಮುಗಿಸಿದರೆ ಅರ್ಧ ಕತೆ ಹೇಳಿದ ಹಾಗೆ. 1945ರ ಜೂನ್‌ನಲ್ಲಿ, ಸೈನ್ಯದಿಂದ ಬಿಡುಗಡೆಯಾಗಿ ಬಂದಿದ್ದ ಒಬ್ಬ ಯುವಕ ಗ್ಯಾಲರಿಯಿಂದ ಡ್ಯೂರೋಷರ್‌ನನ್ನು ಸತತವಾಗಿ ಹೀಯಾಳಿಸಿದ. ಅವನನ್ನು ಗ್ಯಾಲರಿ ಕೆಳಗೆ ಕರೆಸಲಾಯಿತು. ಹೊರಗೆ ಬಂದಾಗ ಅವನ ದವಡೆ ಮುರಿದಿತ್ತು. ಡ್ಯೂರೋಷರ್ ಮತ್ತು ಮೈದಾನದ ಒಬ್ಬ ಕಾವಲುಗಾರನ ಮೇಲೆ ಕೇಸಾಯಿತು. 1946ರಲ್ಲಿ ಇಬ್ಬರೂ ಖುಲಾಸೆ.

ಈ ವಿಚಾರದಲ್ಲಿ ಹಿಲ್ಡಾ ಡ್ಯೂರೋಷರ್ ಪರ ನಿಂತಳು. ಆ ಯುವಕ ತನಗೆ ಹೊಲಸು ಮಾತು ಬೈದ, ಹೆಣ್ಣಿನ ಮಾನ ಕಾಪಾಡೋಕೆ ಡ್ಯೂರೋಷರ್ ಮುಂದೆ ಬಂದ ಅಂತ ಆಕೆ ಹೇಳಿಕೆ ಕೊಟ್ಟಳು, ಅದು ಕಟ್ಟುಕತೆ ಅನ್ನೋದು ಬ್ರೂಕ್ಲಿನ್ ಅಭಿಮಾನಿಗಳ ನಡುವೆಯೇ ಉಳಿದುಬಂದ ಮಾತು. ಆಸ್ಪತ್ರೆಗೆ ಬಂದು ನೋಡಿದ ಋಣ ತೀರಿಸಿದಳು ಅಂತ ಅದನ್ನು ನಗುತ್ತಾ ಹೇಳುತ್ತಾರೆ.

ನನಗೆ ನಗು ಬರಲಿಲ್ಲ. ಏಟು ತಿಂದವನೂ ಒಬ್ಬ ಪ್ರೇಕ್ಷಕನೇ ಅಲ್ವಾ? ಟಿಕೆಟ್ ಕೊಟ್ಟು ಬಂದವನು, ಹಿಲ್ಡಾ ಹಾಗೇ ಬಾಯಿ ಜೋರಿನವನು. ತನ್ನ ಪಕ್ಕದ ಬೆಂಚಿನವನನ್ನು ಬಿಟ್ಟು ದೊಡ್ಡ ಮನುಷ್ಯನ ಪಕ್ಕ ನಿಂತಳು ಹಿಲ್ಡಾ. ಪಾಸ್ ಬಿಟ್ಟು ಅಗ್ಗದ ಸೀಟಿಗೆ ಹೋದವಳೂ ಆಕೆಯೇ, ಇದನ್ನು ಮಾಡಿದವಳೂ ಆಕೆಯೇ. ಊರಿನ ಮೇಲಿನ ಪ್ರೀತಿ ಒಬ್ಬ ವ್ಯಕ್ತಿಯ ಮೇಲಿನ ಭಕ್ತಿಯಾದಾಗ ಎಂಥ ಒಳ್ಳೆಯವರೂ ಸುಳ್ಳು ಹೇಳುತ್ತಾರೆ. ನಮ್ಮ ಕಾಲದ ರಾಜಕೀಯ ನೋಡಿದವರಿಗೆ ಇದು ಹೊಸದಲ್ಲ.

ಆ ದೇವರು ಏನು ಮಾಡಿದ? 1948ರ ಜುಲೈಯಲ್ಲಿ ಡ್ಯೂರೋಷರ್ ಡಾಡ್ಜರ್ಸ್ ಬಿಟ್ಟು ಬದ್ಧವೈರಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಮ್ಯಾನೇಜರ್ ಆದ. 1951ರ ಆಗಸ್ಟ್ ಮಧ್ಯದಲ್ಲಿ ಡಾಡ್ಜರ್ಸ್ ಜಯಂಟ್ಸ್‌ಗಿಂತ 13 ಪಂದ್ಯಕ್ಕೂ ಹೆಚ್ಚು ಮುಂದಿದ್ದರು. ಆಗ ಡ್ಯೂರೋಷರ್‌ನ ತಂಡ ಸತತ 16 ಪಂದ್ಯ ಗೆದ್ದಿತು, ಸೀಸನ್ ಕೊನೆಗೆ ಸಮ ಮಾಡಿಕೊಂಡಿತು. ನಿರ್ಣಾಯಕ ಪಂದ್ಯ ಅಕ್ಟೋಬರ್ 3ಕ್ಕೆ. ಕೊನೆಯ ಇನಿಂಗ್ಸಿನಲ್ಲಿ ಬಾಬಿ ಥಾಮ್ಸನ್ ಹೊಡೆದ ಹೋಮ್ ರನ್ ಬ್ರೂಕ್ಲಿನ್ ಕತೆ ಮುಗಿಸಿತು. ಜಯಂಟ್ಸ್ ತಮ್ಮ ಮೈದಾನದ ಕ್ಲಬ್‌ಹೌಸಿನಲ್ಲಿ ದೂರದರ್ಶಕ ಇಟ್ಟು, ಎದುರಾಳಿ ಕ್ಯಾಚರ್‌ನ ಕೈಸನ್ನೆ ಕದ್ದು, ವೈರ್ ಎಳೆದು ಬಝರ್ ಮೂಲಕ ಸುದ್ದಿ ದಾಟಿಸುತ್ತಿದ್ದರು ಅನ್ನೋದು ಸಾಕ್ಷಿ ಸಮೇತ ಹೊರಬಿದ್ದದ್ದು 2001ರಲ್ಲಿ. ಐವತ್ತು ವರ್ಷ ಒಂದು ಊರು ತನ್ನ ನಸೀಬನ್ನು ಬೈದುಕೊಂಡಿತ್ತು. ಅಷ್ಟೂ ವರ್ಷ ಗೋಡೆಯೊಳಗೆ ಒಂದು ಬಝರ್ ಇತ್ತು.

ಮೈದಾನದೊಳಗೆ ಬಂದವರು

ಹಿಲ್ಡಾಗೆ ಒಬ್ಬ ಮಗಳು, ಬಿಯಾಟ್ರಿಸ್. ಯುದ್ಧಕಾಲದಲ್ಲಿ ಆಟಗಾರರು ಸೈನ್ಯಕ್ಕೆ ಹೋದಾಗ, 1943ರಲ್ಲಿ ಚ್ಯೂಯಿಂಗ್ ಗಮ್ ಉದ್ಯಮಿ ಫಿಲಿಪ್ ರಿಗ್ಲಿ ಮಹಿಳೆಯರಿಗಾಗಿ ವೃತ್ತಿಪರ ಲೀಗ್ ಶುರು ಮಾಡಿದ. ಗಿಡ್ಡ ಸ್ಕರ್ಟು ಹಾಕಿ ಆಡಬೇಕು, ನಡೆನುಡಿ ಕಲಿಸುವ ತರಗತಿಗೆ ಹೋಗಬೇಕು ಅನ್ನೋ ಷರತ್ತುಗಳ ಸಮೇತ. ಬಿಯಾಟ್ರಿಸ್ 1943 ಮತ್ತು 1944ರಲ್ಲಿ ಆ ಲೀಗಿನಲ್ಲಿ ಆಡಿದಳು. ಅಮ್ಮ ದಾಟಲಾಗದ ಗೆರೆಯನ್ನು ಮಗಳು ಎರಡು ಸೀಸನ್ ಮಟ್ಟಿಗೆ ದಾಟಿದಳು.

1947ರ ಏಪ್ರಿಲ್ 15ರಂದು ಇನ್ನೂ ದೊಡ್ಡ ಗೆರೆಯೊಂದು ಇದೇ ಎಬೆಟ್ಸ್ ಫೀಲ್ಡಿನಲ್ಲಿ ಅಳಿಸಿತು. ಕಪ್ಪು ಆಟಗಾರರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ದೊಡ್ಡ ಲೀಗಿನಲ್ಲಿ ಜಾಕಿ ರಾಬಿನ್ಸನ್ ಡಾಡ್ಜರ್ಸ್ ಅಂಗಿ ಹಾಕಿಕೊಂಡು ಮೈದಾನಕ್ಕೆ ಇಳಿದ. ಆ ವರ್ಷ 18 ಲಕ್ಷ ಜನ ಎಬೆಟ್ಸ್ ಫೀಲ್ಡಿಗೆ ಬಂದರು. ಬ್ರೂಕ್ಲಿನ್ ಅಂದರೆ ಬರೀ ಸೋಲುವ ತಂಡ ಅಲ್ಲ, ದೇಶಕ್ಕಿಂತ ಒಂದು ಹೆಜ್ಜೆ ಮುಂದಿರುವ ತಂಡ ಅನ್ನೋ ಹೆಮ್ಮೆ ಶುರುವಾದದ್ದು ಅಲ್ಲಿಂದ.

ಗೆಲ್ಲುತ್ತಾ ಗೆಲ್ಲುತ್ತಾ

ಈಗ ಮತ್ತೆ 1955. ಆ ಏಪ್ರಿಲ್‌ನಲ್ಲಿ ಗ್ಯಾಲರಿ ಯಾಕೆ ಖಾಲಿ ಇತ್ತು?

ಯುದ್ಧ ಮುಗಿದ ಮೇಲೆ ಸರ್ಕಾರದ ಗೃಹಸಾಲ, ಹೊಸ ಹೆದ್ದಾರಿ, ಹೊಸ ಬಡಾವಣೆ. ಬಿಳಿಯ ಮಧ್ಯಮ ವರ್ಗ ಬ್ರೂಕ್ಲಿನ್ ಬಿಟ್ಟು ಲಾಂಗ್ ಐಲ್ಯಾಂಡ್ ಕಡೆ ಹೊರಟಿತು. ಆ ಸಾಲ, ಆ ಬಡಾವಣೆ ಕಪ್ಪು ಕುಟುಂಬಗಳಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಹೋದವರು ಪಂದ್ಯಕ್ಕೆ ಕಾರಿನಲ್ಲಿ ಬರಬೇಕು, ಎಬೆಟ್ಸ್ ಫೀಲ್ಡಿನಲ್ಲಿ ಸುಮಾರು 700 ಕಾರಿಗೆ ಮಾತ್ರ ಜಾಗ. ಮನೆಯಲ್ಲೇ ಟಿವಿ ಇತ್ತು. ಉಳಿದವರು ಟ್ರೈನಿನಲ್ಲಿ, ಕಾಲುನಡಿಗೆಯಲ್ಲಿ ಬರುವವರು, ಹಿಲ್ಡಾ ತರದವರು. 1955ರ ಇಡೀ ಸೀಸನ್ನಿಗೆ ಬಂದವರು ಸುಮಾರು 10 ಲಕ್ಷ. ಅದೇ ವರ್ಷ ಮಿಲ್ವಾಕಿಯಲ್ಲಿ 20 ಲಕ್ಷ. ಆ ಮಿಲ್ವಾಕಿ ತಂಡ ಎರಡು ವರ್ಷ ಹಿಂದಷ್ಟೇ ಬಾಸ್ಟನ್ ಬಿಟ್ಟು ಹೋಗಿದ್ದು. ಡಾಡ್ಜರ್ಸ್ ಮಾಲೀಕ ವಾಲ್ಟರ್ ಒಮ್ಯಾಲಿ ಈ ಲೆಕ್ಕ ನೋಡುತ್ತಿದ್ದ. ಒಂದು ಮಾತು ಸ್ಪಷ್ಟ ಮಾಡಬೇಕು: ತಂಡ ನಷ್ಟದಲ್ಲಿರಲಿಲ್ಲ. ಟಿಕೆಟ್ ಕಮ್ಮಿಯಾದರೂ ಪ್ರಸಾರದ ಹಣ ಸೇರಿ ಲಾಭ ಬರುತ್ತಿತ್ತು.

ಆಗಸ್ಟಿನಲ್ಲಿ, ತಂಡ ಪಟ್ಟಿಯ ತುದಿಯಲ್ಲಿ ಕೂತಿರುವಾಗಲೇ ಒಮ್ಯಾಲಿ ಘೋಷಿಸಿದ: ಮುಂದಿನ ವರ್ಷ ಏಳು ತವರು ಪಂದ್ಯಗಳು ಪಕ್ಕದ ರಾಜ್ಯದ ಜರ್ಸಿ ಸಿಟಿಯಲ್ಲಿ. ಹೊಸ ಮೈದಾನಕ್ಕೆ ಬ್ರೂಕ್ಲಿನ್‌ನ ಫ್ಲ್ಯಾಟ್‌ಬುಷ್ ಮತ್ತು ಅಟ್ಲಾಂಟಿಕ್ ರಸ್ತೆಗಳು ಸೇರುವಲ್ಲಿ ಜಾಗ ಬೇಕು, ಸರ್ಕಾರ ಅದನ್ನು ಸ್ವಾಧೀನ ಮಾಡಿ ಕೊಡಲಿ ಅನ್ನೋದು ಆತನ ಪಟ್ಟು. ನಗರದ ಯೋಜನೆಗಳೆಲ್ಲ ಕೈಯಲ್ಲಿದ್ದ ರಾಬರ್ಟ್ ಮೋಸೆಸ್ ಒಪ್ಪಲಿಲ್ಲ. ಖಾಸಗಿ ತಂಡದ ಮೈದಾನ ಸಾರ್ವಜನಿಕ ಉದ್ದೇಶ ಅಲ್ಲ ಅನ್ನೋದು ಆತನ ವಾದ, ಬೇಕಾದರೆ ಕ್ವೀನ್ಸ್‌ಗೆ ಹೋಗಿ ಅಂದ. ನಗರದ ಬಡವರ ಬೀದಿಗಳನ್ನು ಹೆದ್ದಾರಿಗಾಗಿ ಒಡೆದ ಮೋಸೆಸ್ ಈ ಒಂದು ವಿಷಯದಲ್ಲಿ ತತ್ವ ಮಾತಾಡಿದ. ಇಬ್ಬರು ಬಲಶಾಲಿಗಳ ಈ ಜಗಳದಲ್ಲಿ ಅಗ್ಗದ ಬೆಂಚಿನವರನ್ನು ಯಾರೂ ಕೇಳಲಿಲ್ಲ.

ಹಾಗಿದ್ದೂ ತಂಡ ಗೆಲ್ಲುತ್ತಲೇ ಹೋಯಿತು. ಸೆಪ್ಟೆಂಬರ್ 8ಕ್ಕೇ ಪೆನ್ನಂಟ್ ಖಚಿತ. ವರ್ಲ್ಡ್ ಸೀರೀಸ್ ಮತ್ತೆ ಯಾಂಕೀಸ್ ಜೊತೆ. ಮೊದಲ ಎರಡು ಪಂದ್ಯ ಸೋಲು. ಎಬೆಟ್ಸ್ ಫೀಲ್ಡಿಗೆ ಬಂದು ಮೂರು ಗೆಲುವು. ಆರನೆಯದು ಸೋಲು. ಅಕ್ಟೋಬರ್ 4ರಂದು ಏಳನೆಯದರಲ್ಲಿ 23 ವರ್ಷದ ಜಾನಿ ಪೋಡ್ರೆಸ್ ಯಾಂಕೀಸ್‌ಗೆ ಒಂದು ರನ್ನೂ ಬಿಟ್ಟುಕೊಡಲಿಲ್ಲ. 2–0. ಬ್ರೂಕ್ಲಿನ್‌ಗೆ ಮೊದಲ ವರ್ಲ್ಡ್ ಸೀರೀಸ್. ಬೀದಿ ಬೀದಿಯಲ್ಲಿ ಕಾರಿನ ಹಾರನ್, ಪಾತ್ರೆ ಬಡಿಯುವ ಸದ್ದು. ಇಪ್ಪತ್ತು ವರ್ಷದ ಹಿಂದೆ ಹಿಲ್ಡಾ ಒಬ್ಬಳೇ ಶುರು ಮಾಡಿದ್ದ ಸಂಗೀತ.

ಅದೇ ಮೊದಲು, ಅದೇ ಕೊನೆ. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡಿನ ಕೊನೆಯ ಪಂದ್ಯಕ್ಕೆ ಬಂದವರು 6,702 ಜನ. ಅವತ್ತೂ ಡಾಡ್ಜರ್ಸ್ ಗೆದ್ದರು. ಅಕ್ಟೋಬರ್ 8ರಂದು ಪ್ರಕಟಣೆ ಬಂತು: ತಂಡ ಲಾಸ್ ಏಂಜಲೀಸ್‌ಗೆ. 1960ರ ಫೆಬ್ರವರಿಯಲ್ಲಿ ಮೈದಾನ ಕೆಡವಲು ತಂದ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಚೆಂಡಿನ ಬಣ್ಣ ಬಳಿದಿದ್ದರು. ಆ ಜಾಗದಲ್ಲೀಗ ವಸತಿ ಸಮುಚ್ಚಯ.

ಇನ್ನೊಂದು ತುದಿಯನ್ನೂ ನೋಡಿ. ಲಾಸ್ ಏಂಜಲೀಸ್‌ನ ಶಾವೆಜ್ ರವೀನ್ ಅನ್ನೋ ಗುಡ್ಡದ ಬಸ್ತಿಗಳಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳಿದ್ದವು. ಸರ್ಕಾರಿ ವಸತಿ ಕಟ್ಟುತ್ತೇವೆ ಅಂತ 1950ರ ದಶಕದ ಆರಂಭದಲ್ಲಿ ಅವರನ್ನು ಖಾಲಿ ಮಾಡಿಸಿದರು. ವಸತಿ ಯೋಜನೆ ಕಮ್ಯುನಿಸ್ಟರದು ಅಂತ ಹುಯಿಲೆಬ್ಬಿಸಿ ಕೈಬಿಟ್ಟರು. ಅದೇ ಜಾಗ ಒಮ್ಯಾಲಿಗೆ ಹೋಯಿತು. ಬಿಡಲ್ಲ ಅಂದ ಕೊನೆಯ ಕುಟುಂಬಗಳನ್ನು 1959ರ ಮೇ ತಿಂಗಳಲ್ಲಿ ಪೊಲೀಸರು ಹೊತ್ತು ಹೊರಗೆ ಹಾಕಿದರು. 1962ರಲ್ಲಿ ಡಾಡ್ಜರ್ ಸ್ಟೇಡಿಯಂ ಉದ್ಘಾಟನೆ. ಒಂದು ತಂಡದ ಪ್ರಯಾಣದಲ್ಲಿ ಎರಡು ಊರಿನ ಬಡವರು ಸೋತರು.

ನಮ್ಮದು ಅಂದರೆ ಯಾರದು?

ಬ್ರೂಕ್ಲಿನ್ ಜನ ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತ ನನಗೂ ಅನಿಸಿತ್ತು. ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರ ಅಲ್ಲ, ಹಾಗಾಗಿ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ತಾಗುವುದಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿಬಿಟ್ಟಿತ್ತು. 1953ರಲ್ಲಿ ಅದನ್ನೇ ಎತ್ತಿಹಿಡಿಯಿತು. 1957ರಲ್ಲಿ ಬ್ರೂಕ್ಲಿನ್‌ನ ಸಂಸದ ಇಮ್ಯಾನ್ಯುಯಲ್ ಸೆಲ್ಲರ್ ಸಂಸತ್ತಿನ ಸಮಿತಿಯ ಮುಂದೆ ಒಮ್ಯಾಲಿಯನ್ನು ಕೂರಿಸಿ ಪ್ರಶ್ನೆ ಕೇಳಿದರು. ಪ್ರಶ್ನೆ ಕೇಳಿದ್ದಷ್ಟೇ ಬಂತು.

ಹಿಲ್ಡಾ ತುಂಬಿದ ಪೊಟ್ಟಣ, ಆಕೆ ಬಾರಿಸಿದ ಗಂಟೆ, ಆಕೆಯ ಫೋಟೊ ನೋಡೋಕೆ ಅಂತ ಜನ ಕೊಂಡ ಪತ್ರಿಕೆ. ಇದೆಲ್ಲ ಸೇರಿಯೇ ಡಾಡ್ಜರ್ಸ್ ಅನ್ನೋ ಹೆಸರಿಗೆ ಬೆಲೆ ಬಂದಿದ್ದು. ಒಮ್ಯಾಲಿ ಪಶ್ಚಿಮಕ್ಕೆ ಕೊಂಡೊಯ್ದದ್ದು ಬರೀ ಆಟಗಾರರನ್ನಲ್ಲ, ಆ ಹೆಸರನ್ನೂ. ಕಾನೂನಿನ ಪ್ರಕಾರ ಅದರಲ್ಲಿ ಹಿಲ್ಡಾಳ ಪಾಲು ಸೊನ್ನೆ. ನಮ್ಮೂರುಗಳ ಹೆಸರು ಹೊತ್ತ ತಂಡಗಳೂ ಕಂಪನಿಗಳ ಆಸ್ತಿಯೇ. ಹೆಸರು ಊರಿನದು, ಕೂಗು ಜನರದು, ಷೇರು ಇನ್ಯಾರದೋ.

ಬೇರೆ ದಾರಿ ಇಲ್ಲ ಅಂತಲ್ಲ. ಅಮೆರಿಕದಲ್ಲೇ ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ಫುಟ್‌ಬಾಲ್ ತಂಡ 1923ರಿಂದ ಸಾರ್ವಜನಿಕ ಷೇರುದಾರರ ಕೈಯಲ್ಲಿದೆ, ಯಾರೂ ಅದನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗೋಕಾಗಲ್ಲ. ಜರ್ಮನಿಯ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಕೆಲವು ವಿನಾಯಿತಿ ಬಿಟ್ಟರೆ ಬಹುಮತದ ಮತ ಸದಸ್ಯರ ಕೈಯಲ್ಲೇ ಇರಬೇಕು ಅನ್ನೋ ನಿಯಮ ಇದೆ. ಅಭಿಮಾನಿಗಳು ಸಂಘಟಿತರಾಗಿ ಕೇಳಿದ ಕಡೆ ಇಂಥದ್ದು ಉಳಿದುಕೊಂಡಿದೆ. ಬ್ರೂಕ್ಲಿನ್‌ನಲ್ಲಿ ಅಭಿಮಾನ ಇತ್ತು, ಹಕ್ಕು ಇರಲಿಲ್ಲ. ಸತತ ಗೆಲುವುಗಳು ಆ ಹಕ್ಕಿನ ಜಾಗ ತುಂಬುತ್ತವೆ ಅಂತ ಜನ ನಂಬಿದ್ದರು. ನನ್ನ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಗೆಲುವಿಗೂ ತಂಡ ಊರಲ್ಲಿ ಉಳಿಯೋದಕ್ಕೂ ಸಂಬಂಧವೇ ಇರಲಿಲ್ಲ.

ತಂಡ ಹೋದ ಮೇಲೆ ಪತ್ರಿಕೆಗಳಿಗೆ ಹಿಲ್ಡಾ ಬೇಡವಾದಳು. ಆಕೆ 1978ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ 81 ವರ್ಷ. ಅಂತ್ಯಕ್ರಿಯೆಗೆ ಹಣವಿಲ್ಲದ ಯಹೂದಿಗಳನ್ನು ಉಚಿತವಾಗಿ ಮಣ್ಣು ಮಾಡುವ ಒಂದು ಧರ್ಮಾರ್ಥ ಸಂಸ್ಥೆ ಆಕೆಯನ್ನು ಸ್ಟೇಟನ್ ಐಲ್ಯಾಂಡ್‌ನ ಮೌಂಟ್ ರಿಚ್ಮಂಡ್ ಸ್ಮಶಾನದಲ್ಲಿ ಹೂಳಿತು. 1911ರ ಟ್ರಯಾಂಗಲ್ ಗಾರ್ಮೆಂಟ್ಸ್ ಬೆಂಕಿಯಲ್ಲಿ ಸತ್ತ 146 ಕಾರ್ಮಿಕರಲ್ಲಿ ಕೆಲವರೂ ಅದೇ ಸ್ಮಶಾನದಲ್ಲಿದ್ದಾರೆ. ಕೊನೆಗೂ ಆಕೆ ತನ್ನ ಜನರ ನಡುವೆಯೇ ಇದ್ದಾಳೆ.

ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸಂಗ್ರಹಾಲಯದಲ್ಲಿ ಗಂಟೆ ಹಿಡಿದ ಹಿಲ್ಡಾಳ ಆಳೆತ್ತರದ ಪ್ರತಿಮೆ ಇಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಬೇಸ್‌ಬಾಲ್ ರೆಲಿಕ್ವರಿ ಅನ್ನೋ ಸಂಸ್ಥೆ 2001ರಿಂದ ಅಪರೂಪದ ಅಭಿಮಾನಿಗಳಿಗೆ ಹಿಲ್ಡಾ ಹೆಸರಿನ ಪ್ರಶಸ್ತಿ ಕೊಡುತ್ತಾ ಬಂತು. ಪ್ರಶಸ್ತಿ ಅಂದರೆ ಗಾಜಿನಂಥ ಪೆಟ್ಟಿಗೆಯೊಳಗಿಟ್ಟ ಒಂದು ಗಂಟೆ. ಆ ಸಂಸ್ಥೆ ಹುಟ್ಟಿದ್ದು ಲಾಸ್ ಏಂಜಲೀಸ್ ಪಕ್ಕದಲ್ಲೇ, ಆಕೆಯ ತಂಡವನ್ನು ಕೊಂಡೊಯ್ದ ಊರಿನ ಮಗ್ಗುಲಲ್ಲಿ. ಪೆಟ್ಟಿಗೆಯಲ್ಲಿರುವ ಗಂಟೆಯನ್ನು ಯಾರೂ ಬಾರಿಸೋಕಾಗಲ್ಲ.